ಫಲಕದ ಮೇಲಿನ ಇಂಗ್ಲಿಷ್ ಮಹಿಳೆ

ಕೀಂ... ಕರ್ರ್... ಟಿಂವ್ ಟಿಂವ್... ಖರ್ರ್... ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಸಿಕೊಂಡ ಬೆಕ್ಕಿನ ಹಾಗೆ ಒಂದು ನಿಮಿಷ ಒದ್ದಾಡಿ, ಆಮೇಲೆ ತಟ್ಟನೆ ಸುಮ್ಮನಾಗುತ್ತಿತ್ತು ನಮ್ಮ ಮನೆಯ ಮೋಡೆಮ್. ಹೊಸ ಶತಮಾನ ಶುರುವಾಗಿ ಎರಡೋ ಮೂರೋ ವರ್ಷವಾಗಿದ್ದ ಕಾಲ. ಮ್ಯಾಕಲ್ಸ್‌ಫೀಲ್ಡಿನ ನಮ್ಮ ಮನೆಯ ಶನಿವಾರಗಳು ಆ ಸದ್ದಿನಿಂದಲೇ ಆರಂಭವಾಗುತ್ತಿದ್ದವು. ನನ್ನ ತಂಗಿಯ ಮಗಳು ಶ್ರುತಿ ಬೆಂಗಳೂರಿನಿಂದ ಬಂದು ಮ್ಯಾಂಚೆಸ್ಟರಿನಲ್ಲಿ ಕೆಲಸಕ್ಕೆ ಸೇರಿದ್ದಳು. ಅಲ್ಲಿಯ ಫಾಲೋಫೀಲ್ಡಿನಲ್ಲಿ ಅವಳು ಹಿಡಿದಿದ್ದ ರೂಮಿಗೆ ಇಂಟರ್ನೆಟ್ ಇರಲಿಲ್ಲ. ಆದ್ದರಿಂದ ವಾರಕ್ಕೊಮ್ಮೆ ರೈಲು ಹತ್ತಿ ಬಂದು, ನನ್ನ ಸಾರು ಅನ್ನ ಉಂಡು, ನಮ್ಮ ಫೋನ್ ಲೈನನ್ನು ಹಿಡಿದುಕೊಂಡು ಕೂರುವಳು.

“ಸಾಕು ಮಾರಾಯ್ತಿ, ಲೈನ್ ಬಿಡು. ಜಿ.ಪಿ.ಗೆ ಫೋನ್ ಮಾಡ್ಬೇಕು,” ಎಂದು ನಾನು ಗದರಿದರೆ ಅವಳು ಮುಖವರಳಿಸಿ ಕೂರುವಳು. ಅವಳಿಗೆ ಅದೊಂದು ಪುಕ್ಕಟೆ ನಾಟಕ. ನಾನು ಸೆರಗು ಸರಿಮಾಡಿಕೊಂಡು, ಒಮ್ಮೆ ಕೆಮ್ಮಿ, ರಿಸೀವರ್ ಎತ್ತುವೆ. “ಗುಡ್ ಮಾರ್ನಿಂಗ್. ಐ ವಂಡರ್ ಇಫ್ ಐ ಮೈಟ್ ಟ್ರಬಲ್ ಯೂ ಫಾರ್ ಆನ್ ಅಪಾಯಿಂಟ್‌ಮೆಂಟ್...”

“ಬಂದ್ಲಪ್ಪ, ಲೇಡಿ ವಾರಿಜಾ,” ಎಂದು ನಮ್ಮವರು ಪೇಪರಿನ ಹಿಂದಿನಿಂದ ಹೇಳುವರು.

ಆ ಧ್ವನಿಗೆ ಅಪಾಯಿಂಟ್‌ಮೆಂಟ್ ಸಿಗದೆ ಇದ್ದದ್ದಿಲ್ಲ. ಸರ್ಜರಿಗೆ, ಎಂದರೆ ನಮ್ಮ ಜಿ.ಪಿ. ಡಾಕ್ಟರ ಕ್ಲಿನಿಕ್ಕಿಗೆ, ಹೋಗಿ ನಿಂತಾಗ ಮಾತ್ರ ರಿಸೆಪ್ಶನಿಸ್ಟ್ ನನ್ನನ್ನು ನೋಡಿ, ಆಮೇಲೆ ನನ್ನ ಬೆನ್ನ ಹಿಂದೆ ಇಣುಕುವಳು. ಫೋನಿನಲ್ಲಿ ಮಾತಾಡಿದ ದೊರೆಸಾನಿ ಎಲ್ಲಿ ಎಂದು.

ಈ ಧ್ವನಿ ನನ್ನದಲ್ಲ ನೋಡಿ. ಮಂಗಳೂರಿನ ಕಾನ್ವೆಂಟಿನಲ್ಲಿ ಒಬ್ಬರು ಐರಿಶ್ ಸಿಸ್ಟರ್ ನನ್ನ ಗಂಟಲಿನೊಳಗೆ ಇಟ್ಟುಹೋದದ್ದು. ಎಲೊಕ್ಯೂಶನ್ ಕ್ಲಾಸಿನಲ್ಲಿ ಅವರು ಮೇಜಿನ ಮೇಲೆ ಮೇಣದ ಬತ್ತಿ ಹಚ್ಚಿಡುತ್ತಿದ್ದರು. ನಾವು ಒಬ್ಬೊಬ್ಬರಾಗಿ ಬಗ್ಗಿ ‘ಪೇಪರ್’, ‘ಪೆಪ್ಪರ್’, ‘ಪೋಪ್’ ಎನ್ನಬೇಕು. ಜ್ವಾಲೆ ಬಾಗಿದರೆ ಇಂಗ್ಲಿಷ್, ಬಾಗದಿದ್ದರೆ ನೇಟಿವ್. ಮೀನುಪೇಟೆಯ ದಾರಿಯಿಂದ ಬರುತ್ತಿದ್ದ ನನ್ನ ಗೆಳತಿಯರು ಎಷ್ಟು ಬಡಕೊಂಡರೂ ಬತ್ತಿ ಅಲುಗುತ್ತಿರಲಿಲ್ಲ. ನಾನು ಮೊದಲ ವಾರದಲ್ಲೇ ಆರಿಸಿಬಿಟ್ಟೆ. ಬಹುಮಾನವಾಗಿ ನನ್ನನ್ನು ಮಾನಿಟರ್ ಮಾಡಿದರು. ವರಾಂಡದಲ್ಲಿ ಯಾರು ತುಳು, ಕನ್ನಡ, ಕೊಂಕಣಿ ಮಾತಾಡುತ್ತಾರೋ ಅವರ ಹೆಸರನ್ನು ಚೀಟಿಯಲ್ಲಿ ಬರೆದು ಕೊಡುವ ಕೆಲಸ. ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದೆ ಎಂದರೆ, ನನ್ನ ಅಕ್ಷರ ದುಂಡಗಾದದ್ದೇ ಇತರರ ಹೆಸರು ಬರೆದೂ ಬರೆದೂ.

ಇರಲಿ. ಹೇಳಲು ಹೊರಟದ್ದು ಒಂದು ನವೆಂಬರ್ ಶನಿವಾರದ ಕಥೆ.

ಬರ್ಮಿಂಗ್‌ಹ್ಯಾಮಿನಲ್ಲಿ ರಾಜ್ಯೋತ್ಸವ. ನಾವು ಮೂವರೂ ಹೊರಟಿದ್ದೆವು. ಕಾರಿನ ಡಿಕ್ಕಿಯಲ್ಲಿ ಎಂದಿನಂತೆ ಎರಡು ಸ್ಟೀಲ್ ಡಬ್ಬಿ, ಒಂದರಲ್ಲಿ ಚಿತ್ರಾನ್ನ, ಒಂದರಲ್ಲಿ ಮೊಸರನ್ನ. ಮೂವತ್ತಕ್ಕೂ ಹೆಚ್ಚು ವರ್ಷ ಈ ದೇಶದಲ್ಲಿದ್ದರೂ ನಾವು ಮೋಟರ್‌ವೇ ಸರ್ವಿಸಸ್‌ನ ಊಟದ ಮೇಜಿನಲ್ಲಿ ಕೂತು ಡಬ್ಬಿ ಬಿಚ್ಚಿದವರಲ್ಲ. ಒಗ್ಗರಣೆಯ ವಾಸನೆಗೆ ಪಕ್ಕದ ಮೇಜಿನವರು ತಿರುಗಿ ನೋಡಿಯಾರು ಎಂಬ ನಾಚಿಕೆ. ಅಲ್ಲಿಯ ಚಿಪ್ಸ್ ಕೊಳ್ಳುವುದೋ, ಅದಕ್ಕೂ ಮನಸ್ಸಿಲ್ಲ. ಹೀಗಾಗಿ ಯಾವುದೋ ಜಂಕ್ಷನ್ನಿನಲ್ಲಿ ಇಳಿದು, ಯಾವುದೋ ಊರಿನ ಪಾರ್ಕಿನ ಬೆಂಚು ಹುಡುಕಿ, ಕಳ್ಳರ ಹಾಗೆ ಉಂಡು ಹೊರಡುವುದು ನಮ್ಮ ಪದ್ಧತಿ. ಇಲ್ಲಿಯ ಕನ್ನಡದವರೆಲ್ಲರ ಪದ್ಧತಿಯೂ ಅದೇ. ಕೇಳಿದರೆ ಯಾರೂ ಒಪ್ಪುವುದಿಲ್ಲ, ಅಷ್ಟೆ.

ಆ ದಿನ ಎಂ-ಸಿಕ್ಸ್ ಹೆದ್ದಾರಿ ಪೂರ್ತಿ ಜಾಮ್. ಮೇಲೆ ಜಿನುಗು ಮಳೆ. ಬರ್ಮಿಂಗ್‌ಹ್ಯಾಮ್ ಇನ್ನು ಹತ್ತು ಮೈಲಿ ಎನ್ನುವಾಗ ನಮ್ಮವರು ಇಂಡಿಕೇಟರ್ ಹಾಕಿದರು.

“ಯಾಕೆ ದೊಡ್ಡಪ್ಪ, ಹಸಿವಾ?” ಎಂದಳು ಶ್ರುತಿ.

“ಹಸಿವಲ್ಲಮ್ಮ, ಅವಸರ. ಡಯಾಬಿಟಿಸ್‌ಗೆ ನಿಮ್ಮ ಟ್ರಾಫಿಕ್ ಜಾಮ್ ಗೊತ್ತಾಗಲ್ಲ.”

ಊರು ಯಾವುದೆಂದು ನನಗೆ ಕೂಡಲೇ ಗುರುತು ಹತ್ತಲಿಲ್ಲ. ಕಾರ್ಖಾನೆಗಳಿದ್ದ ಕಡೆ ಗೋದಾಮು, ಗೋದಾಮು ಇದ್ದ ಕಡೆ ಸೂಪರ್ ಮಾರ್ಕೆಟ್. ಲೈಬ್ರರಿಯ ಕೆಂಪು ಇಟ್ಟಿಗೆಯ ಗೋಡೆ ಕಂಡಾಗ ಗುರುತು ಹತ್ತಿತು. ಮದುವೆಯಾಗಿ ಈ ದೇಶಕ್ಕೆ ಬಂದ ಮೊದಲ ಮೂರು ವರ್ಷ ನಾವಿದ್ದದ್ದು ಇದೇ ಊರಿನಲ್ಲಿ. ಆಮೇಲೆ ನಮ್ಮವರಿಗೆ ಮ್ಯಾಕಲ್ಸ್‌ಫೀಲ್ಡಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮತ್ತೆ ನಾವು ಈ ಕಡೆ ತಲೆ ಹಾಕಿರಲಿಲ್ಲ. ತಲೆ ಹಾಕದಂತೆ ನಾನು ನೋಡಿಕೊಂಡಿದ್ದೆ ಎಂದರೂ ಸರಿಯೇ.

ನಮ್ಮವರು ಟಾಯ್ಲೆಟ್ಟಿನ ಬಾಣದ ಗುರುತು ಹಿಡಿದು ಲೈಬ್ರರಿಯೊಳಗೆ ಓಡಿದರು. ಒಳಗೆ, ಮಕ್ಕಳ ಪುಸ್ತಕಗಳ ಕಪಾಟಿನ ಪಕ್ಕ, ಏಳೆಂಟು ಫಲಕಗಳ ಪ್ರದರ್ಶನ. ಈ ಊರಿನಲ್ಲಿ ಕಪ್ಪು, ಕಂದು ಜನ ಹಕ್ಕಿಗಾಗಿ ಹೋರಾಡಿದ ಕಥೆಯಂತೆ. ಕಪ್ಪುಬಿಳುಪು ಫೋಟೋಗಳಲ್ಲಿ ಕೋಟು ತೊಟ್ಟ ಸರ್ದಾರರು, ಹ್ಯಾಟ್ ಹಾಕಿದ ಜಮೈಕಾದ ಹೆಂಗಸರು, ಕೈಯಲ್ಲಿ ಬೋರ್ಡು. ಕಿಟಕಿಯೊಂದರ ಗಾಜಿಗೆ ಅಂಟಿಸಿದ ಚೀಟಿ: ರೂಮು ಖಾಲಿ ಇದೆ, ಕಲರ್ಡ್ ಜನ ಕೇಳಬೇಡಿ. ಕೌಂಟರಿನಲ್ಲಿ ಟೀ ಮಗ್ ಹಿಡಿದು ಕೂತಿದ್ದ ಬಿಳಿಗೂದಲಿನಾಕೆ, “ಹೆಡ್‌ಫೋನ್ ಹಾಕ್ಕೊಂಡು ಬಟನ್ ಒತ್ತಿ ಲವ್, ನಮ್ಮಲ್ಲಿ ಒರಿಜಿನಲ್ ರೆಕಾರ್ಡಿಂಗ್ ಇದೆ,” ಎಂದು ಹೆಮ್ಮೆಯಿಂದ ಹೇಳಿದಳು.

ಶ್ರುತಿ ಹಾಕಿಕೊಂಡಳು. ಅರ್ಧ ನಿಮಿಷ ಕೇಳಿ ಹುಬ್ಬು ಗಂಟಿಕ್ಕಿದಳು. ಮತ್ತೆ ನಕ್ಕಳು.

“ದೊಡ್ಡಮ್ಮ, ಇಲ್ಲಿ ಬನ್ನಿ. ಇವರು ಥೇಟ್ ನೀವು ಜಿ.ಪಿ.ಗೆ ಫೋನ್ ಮಾಡಿದ ಹಾಗೇ ಮಾತಾಡ್ತಾರೆ!”

ನಾನು ಹೆಡ್‌ಫೋನ್ ಮುಟ್ಟಲಿಲ್ಲ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು.

ಐವಿಯ ಬಗ್ಗೆ ಹೇಳದೆ ವಿಧಿಯಿಲ್ಲ. ನಾವು ಬಾಡಿಗೆಗಿದ್ದ ಮನೆಯ ಪಕ್ಕದ ಮನೆ ಅವಳದು. ಜಮೈಕಾದವಳು, ಊರಿನ ಬಸ್ಸಿನಲ್ಲಿ ಕಂಡಕ್ಟರ್. ಎತ್ತರದ ಆಳು, ನಗು ಅವಳಿಗಿಂತ ಎತ್ತರ. ಒಂದು ಬೆಳಿಗ್ಗೆ ಮುಚ್ಚಿದ ಬಾಗಿಲ ಒಳಗಿನಿಂದಲೇ ನಾನು ಹಾಲಿನವನಿಗೆ “ಜಸ್ಟ್ ದಿ ಒನ್ ಪಿಂಟ್ ಟುಡೇ, ಥ್ಯಾಂಕ್ ಯೂ” ಎಂದದ್ದನ್ನು ಕೇಳಿದ್ದಾಳೆ. ಮಧ್ಯಾಹ್ನ ಸೀರೆ ಒಣಹಾಕಲು ಹೊರಬಂದವಳನ್ನು ಬೇಲಿಯ ಆಚೆಯಿಂದ ಕಣ್ಣರಳಿಸಿ ನೋಡಿದಳು. ಅವಳ ಇಂಗ್ಲಿಷಿನ ಲಯವನ್ನು ಕನ್ನಡಕ್ಕೆ ತರಲು ನನ್ನಿಂದಾಗದು. ಸುಮಾರಾಗಿ ಹೀಗೆ ಅಂದಳು:

“ಡಾರ್ಲಿಂಗ್, ಬೆಳಿಗ್ಗೆ ಮಾತಾಡಿದ್ದು ನೀನಾ? ಗಂಟಲಲ್ಲಿ ಒಬ್ಬ ಬಿಳೀ ಹೆಂಗಸನ್ನ ಬಚ್ಚಿಟ್ಕೊಂಡಿದ್ದೀಯಲ್ಲೇ! ಬಾಡಿಗೆ ಕೊಡ್ತಾಳಾ?”

ಈ ದೇಶದಲ್ಲಿ ನನ್ನನ್ನು ಮೊದಲು ನಗಿಸಿದವಳು ಅವಳು. ನಮ್ಮವರು ಕೆಲಸಕ್ಕೆ ಹೊರಡುವಾಗ ಬೇಲಿಯ ಮೇಲಿಂದ “ಗುಡ್ ಮಾರ್ನಿಂಗ್, ಹ್ಯಾಂಡ್ಸಮ್” ಎಂದು ಕೂಗುವಳು. ಇವರು ಕಿವಿ ಕೆಂಪಗೆ ಮಾಡಿಕೊಂಡು ಬಸ್ ಸ್ಟಾಪ್ ತನಕ ಸೊಟ್ಟಗೆ ನಡೆಯುವರು.

ಐವಿಯ ಸೋದರಸಂಬಂಧಿಯೊಬ್ಬ, ಹೆಂಡತಿ ಮಗುವಿನೊಂದಿಗೆ, ಗೋಡೆಯಲ್ಲಿ ನೀರು ಜಿನುಗುವ ಒಂದೇ ರೂಮಿನಲ್ಲಿದ್ದ. ಎಲ್ಲಿ ಫೋನ್ ಮಾಡಿದರೂ ರೂಮು ಈಗಷ್ಟೇ ಹೋಯಿತು ಎಂಬ ಉತ್ತರ. ಬಣ್ಣ ನೋಡಿ ಮನೆ ನಿರಾಕರಿಸಬಾರದೆಂದು ಹೊಸ ಕಾನೂನು ಬಂದಿತ್ತು. ಆದರೆ ರುಜುವಾತು ಬೇಕಲ್ಲ? ಐವಿ ತನ್ನ ಚರ್ಚಿನ ಆಫೀಸಿನ ಫೋನು, ಪಾದ್ರಿಯ ಟೇಪ್ ರೆಕಾರ್ಡರ್, ರಿಸೀವರಿಗೆ ಅಂಟಿಕೊಳ್ಳುವ ರಬ್ಬರ್ ಬಟ್ಟಲಿನಂಥ ಮೈಕು, ಇಷ್ಟನ್ನು ಹೊಂಚಿದಳು. ಮೊದಲು ಆ ಸೋದರಸಂಬಂಧಿ ಫೋನ್ ಮಾಡುವುದು. ಹತ್ತು ನಿಮಿಷ ಬಿಟ್ಟು ನಾನು.

“ಸಾರಿ ಮೇಟ್, ರೂಮು ಹೋಯ್ತು,” ಎಂದು ಅವನಿಗೆ ಹೇಳಿದ ಮಾಲೀಕನೇ ನನಗೆ, “ಇದೆ ಮೇಡಂ, ಫ್ರಂಟ್ ರೂಮು, ಬಿಸಿಲು ಚೆನ್ನಾಗಿ ಬೀಳತ್ತೆ,” ಎಂದ. ಮೂರು ಮಧ್ಯಾಹ್ನ, ಎಷ್ಟೋ ಕರೆ. ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಅದು ಸುಖ ಕೊಟ್ಟಿತು. ಬೀದಿಯಲ್ಲಿ ನನ್ನ ಮುಖಕ್ಕೆ ಯಾರೂ ಕೊಡದಿದ್ದ ‘ಮೇಡಂ’ ಅನ್ನು ನನ್ನ ಧ್ವನಿಗೆ ಊರಿಗೆ ಊರೇ ಕೊಡುತ್ತಿತ್ತು. ಕೊನೆಯ ಕರೆಯಲ್ಲಿ ಒಬ್ಬ ಮಾಲೀಕ ತಾನಾಗಿಯೇ ಹೇಳಿದ: “ನಮ್ಮ ಮನೆಯಲ್ಲಿ ಕಲರ್ಡ್ ಜನ ಯಾರೂ ಇಲ್ಲ ಮೇಡಂ, ಆ ಚಿಂತೆ ಬೇಡ.”

“ಹೌ ರಿಅಶೂರಿಂಗ್,” ಎಂದೆ ನಾನು. ಕೇಳಿ ನೆಮ್ಮದಿಯಾಯಿತು ಎಂದ ಹಾಗೆ. ಮೇಣದ ಬತ್ತಿ ಇದ್ದಿದ್ದರೆ ಆರಿಹೋಗುತ್ತಿತ್ತು. ಐವಿ ಬಾಯಿಗೆ ಕೈ ಒತ್ತಿ ನಗು ತಡೆದುಕೊಂಡಳು, ಟೇಪು ನಿಲ್ಲಿಸಿದ ಮೇಲೆ ನನ್ನನ್ನು ತಬ್ಬಿಕೊಂಡಳು. ಅವಳ ಭುಜದ ಆಚೆ ಗೋಡೆಗೊರಗಿ ನಿಂತಿದ್ದ ಆ ಸೋದರಸಂಬಂಧಿ ಮಾತ್ರ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ. ಆ ಮಾತು ನಾಟಕಕ್ಕೆ ಬಂದದ್ದೋ, ಒಳಗಿನಿಂದಲೇ ಬಂದದ್ದೋ ಎಂದು ಅಳೆಯುವವನ ಹಾಗೆ.

ದೂರು ಕೊಡಲು ಒಂದು ಫಾರಂ. ಎರಡನೆಯ ಕರೆ ಮಾಡಿದವರ ಹೆಸರು, ವಿಳಾಸ, ಸಹಿ ಬೇಕು. ವಿಚಾರಣೆಯಲ್ಲಿ ಬಂದು ಹೇಳಲೂ ಬೇಕು. ಫಾರಂ ಅಡುಗೆಮನೆಯಲ್ಲಿ ಒಂದು ವಾರ ಸಕ್ಕರೆ ಡಬ್ಬಿಯ ಕೆಳಗಿತ್ತು. ಆ ಮಾಲೀಕ ನಮ್ಮವರ ಫ್ಯಾಕ್ಟರಿಯ ಫೋರ್‌ಮನ್ನನ ಸ್ನೇಹಿತನಂತೆ. ನಮ್ಮವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನಾನು ಇದೆಲ್ಲ ಹೇಳಿ ‘ಸಹಿ ಹಾಕಲಾ?’ ಎಂದು ಕೇಳಿದಾಗ ಅವರು ಅಂದದ್ದು ಇಷ್ಟೆ: “ನಿನ್ನ ಹೆಸರು, ನಿನ್ನ ಸಹಿ. ನಾನ್ಯಾಕೆ ಬೇಡ ಅನ್ಲಿ? ಹಾಕು. ಬಂದದ್ದು ನೋಡ್ಕೊಳ್ಳೋಣ.”

ಬೇಡ ಅಂದಿದ್ದರೆ ಎಷ್ಟು ಚೆನ್ನಾಗಿತ್ತು!

ನನ್ನ ಹೆದರಿಕೆ ಅವರ ಕೆಲಸದ್ದಲ್ಲ. ‘ಹೌ ರಿಅಶೂರಿಂಗ್’ ಎಂಬುದನ್ನು ಒಂದು ಕೋಣೆಯಲ್ಲಿ ಗಟ್ಟಿಯಾಗಿ ಓದುತ್ತಾರೆ, ಎಲ್ಲರೂ ತಿರುಗಿ ಸೀರೆ ಉಟ್ಟ ನನ್ನನ್ನು ನೋಡುತ್ತಾರೆ. ಅದರಲ್ಲೂ ಐವಿಯ ಸೋದರಸಂಬಂಧಿ ಇನ್ನೊಮ್ಮೆ ಹಾಗೆ ನೋಡುತ್ತಾನೆ. ಅಷ್ಟೇ. ಅಷ್ಟಕ್ಕೇ ಐವಿಗೆ ಫಾರಂ ವಾಪಸು ಕೊಟ್ಟು, “ನನ್ನ ಗಂಡ ಒಪ್ಪುತ್ತಿಲ್ಲ,” ಎಂದೆ. ಒಳ್ಳೆಯ ಮನೆತನದ ಹೆಣ್ಣುಮಕ್ಕಳು ಏನನ್ನಾದರೂ ತಪ್ಪಿಸಿಕೊಳ್ಳಬೇಕಾದಾಗ ನಮ್ಮ ಕಡೆ ಬಳಸುವ ಮಾತು ಅದು. ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ಐವಿಯೂ ಹಾಕಲಿಲ್ಲ. ಫಾರಮನ್ನು ನಾಲ್ಕು ಮಡಿಕೆ ಮಾಡಿ ಯೂನಿಫಾರ್ಮಿನ ಜೇಬಿಗಿಟ್ಟುಕೊಂಡು, “ನಿನ್ನ ಹೆಸರು ನನ್ನ ಬಾಯಿಂದ ಬರಲ್ಲ. ಮಾತು ಕೊಟ್ಟೆ,” ಎಂದಳು. ದೂರು ಬಿದ್ದುಹೋಯಿತು. ಆ ಚಳಿಗಾಲ ಕಳೆಯುವ ಮೊದಲೇ ಅವನ ಹೆಂಡತಿ ಮಗುವನ್ನೆತ್ತಿಕೊಂಡು ಜಮೈಕಾಕ್ಕೆ ಹಡಗು ಹತ್ತಿದಳು. ಅವನು ಇಲ್ಲೇ ಉಳಿದ.

ಲೈಬ್ರರಿಯಲ್ಲಿ ಆ ಹೊತ್ತಿಗೆ ನಮ್ಮವರು ಕೈ ಒರೆಸಿಕೊಳ್ಳುತ್ತಾ ಬಂದಿದ್ದರು. ಕನ್ನಡಕ ಏರಿಸಿ ಫಲಕದ ಬರಹವನ್ನು ಒಂದೊಂದೇ ಸಾಲು ಓದಿದರು. ‘ಎರಡನೆಯ ಕರೆ: ಒಬ್ಬ ಇಂಗ್ಲಿಷ್ ಮಹಿಳೆ. ಹೆಸರು ತಿಳಿದಿಲ್ಲ. ಸಾಕ್ಷಿ ಹೇಳಲು ಆಕೆಯ ಗಂಡ ಒಪ್ಪದ ಕಾರಣ ದೂರನ್ನು ಕೈಬಿಡಲಾಯಿತು.’

ಓದಿದ್ದನ್ನೇ ಇನ್ನೊಮ್ಮೆ ಓದಿದರು. ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ ಕೇಳಿದರು:

“ನಾನು ಯಾವಾಗ ಬೇಡ ಅಂದೆ?”

ಶ್ರುತಿ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿದಳು. ಹೆಡ್‌ಫೋನನ್ನು ಮೆಲ್ಲಗೆ ಮೊಳೆಗೆ ಸಿಕ್ಕಿಸಿದಳು. “ಅಂದ್ರೆ... ನಿಜವಾಗ್ಲೂ ನೀವೇನಾ ದೊಡ್ಡಮ್ಮ?”

ನಾನು ಕೌಂಟರಿಗೆ ಹೋಗಿ, ಐವಿ ಈಗ ಎಲ್ಲಿದ್ದಾಳೆ ಎಂದು ಕೇಳಿದೆ. ಟೀ ಮಗ್ಗಿನಾಕೆಯ ಮುಖ ಮೆತ್ತಗಾಯಿತು. “ತೀರಿಕೊಂಡ್ರು ಲವ್, ಎರಡು ಚಳಿಗಾಲದ ಹಿಂದೆ. ಟೇಪು ಅವರೇ ಕೊಟ್ಟಿದ್ದು. ಆ ಲೇಡಿ ಯಾರು ಅಂತ ಎಷ್ಟು ಸಲ ಕೇಳಿದೀನಿ ಗೊತ್ತಾ? ಮಾತು ಕೊಟ್ಟಿದ್ದೀನಿ ಅಂತಿದ್ರು, ಅಷ್ಟೇ. ಇಂಗ್ಲಿಷ್‌ನವರಾ ಅಂತ ಕೇಳಿದ್ರೆ ಬಿದ್ದೂ ಬಿದ್ದೂ ನಗೋರು. ಸರಿ, ಇಂಗ್ಲಿಷ್‌ನವರೇ ಅಂತ ಬರೆದ್ವಿ.”

“ಅದು ನಾನು,” ಎಂದೆ.

ಆಕೆ ನನ್ನ ಮುಖ, ಕೋಟಿನ ಕೆಳಗೆ ಇಣುಕುತ್ತಿದ್ದ ಕಂಚಿ ಸೀರೆಯ ಅಂಚು ನೋಡಿದಳು. ವಯಸ್ಸಾದವರಿಗೆ ಹೇಗೆ ಹೇಳುತ್ತಾರೋ ಹಾಗೆ, “ಇಲ್ಲ ಲವ್, ಟೇಪಿನಲ್ಲಿರೋದು ಇಂಗ್ಲಿಷ್ ಲೇಡಿ. ಕೇಳಿದ್ರೆ ಗೊತ್ತಾಗತ್ತೆ,” ಎಂದಳು.

ಅಲ್ಲಿಗೇ ಬಿಡಬಹುದಿತ್ತು. ಯಾರೂ ನಂಬಲಿಲ್ಲ, ನಾನೇನು ಮಾಡಲಿ ಎಂದು ಕಾರು ಹತ್ತಬಹುದಿತ್ತು. ಹತ್ತುವುದರಲ್ಲಿಯೂ ಇದ್ದೆ. ನಮ್ಮವರು ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದರು. ಬಾ ಎನ್ನಲಿಲ್ಲ, ಹೇಳು ಎಂದೂ ಅನ್ನಲಿಲ್ಲ. ಕೈ ಒರೆಸಿದ ಪೇಪರ್ ಟವೆಲ್ ಇನ್ನೂ ಅವರ ಮುಷ್ಟಿಯಲ್ಲಿತ್ತು.

ಸೆರಗು ಸರಿಮಾಡಿಕೊಂಡೆ. ಕೆಮ್ಮಿದೆ. “ಗುಡ್ ಆಫ್ಟರ್‌ನೂನ್. ಐ ಆಮ್ ಎನ್‌ಕ್ವೈರಿಂಗ್ ಅಬೌಟ್ ದಿ ರೂಮ್.” ವಯಸ್ಸಿಗೆ ದನಿ ಸ್ವಲ್ಪ ನಡುಗಿತು. ಟೀ ಮಗ್ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಉಳಿದದ್ದನ್ನೂ ಹೇಳಲೇಬೇಕಿತ್ತು. “ಹೌ ರಿಅಶೂರಿಂಗ್,” ಎಂದೆ. ಮಕ್ಕಳ ಕಪಾಟಿನ ಬಳಿ ಪುಸ್ತಕ ಆರಿಸುತ್ತಿದ್ದ ಒಬ್ಬ ಕಪ್ಪು ತಾಯಿ ತಿರುಗಿ ನೋಡಿದಳು. ಯಾವ ನೋಟಕ್ಕೆ ಹೆದರಿ ಮೂವತ್ತು ವರ್ಷ ಈ ಊರು ತಪ್ಪಿಸಿದೆನೋ ಆ ನೋಟ. ನೋಡಿ, ಮತ್ತೆ ಪುಸ್ತಕಕ್ಕೆ ತಿರುಗಿಕೊಂಡಳು.

ಕೌಂಟರಿನಾಕೆ ಒಂದು ಫಾರಂ ಕೊಟ್ಟಳು. ಈ ದೇಶದಲ್ಲಿ ಎಲ್ಲಕ್ಕೂ ಒಂದು ಫಾರಂ ಇರುತ್ತದೆ, ತಪ್ಪೊಪ್ಪಿಗೆಗೂ. ಹೆಸರು, ವಿಳಾಸ, ಪೋಸ್ಟ್‌ಕೋಡ್, ಸಹಿ. ದುಂಡಗೆ ಬರೆದೆ. ಕೆಳಗೆ ‘ಇತರ ವಿವರ’ ಎಂದಿದ್ದ ಕಡೆ, ‘ನನ್ನ ಗಂಡ ಬೇಡ ಎಂದಿರಲಿಲ್ಲ. ನಾನೇ ಹಿಂಜರಿದೆ’ ಎಂದು ಬರೆದು ನಮ್ಮವರಿಗೆ ತೋರಿಸಿದೆ. ಅವರು ಓದಿ, “ಟೈಮಾಯ್ತು, ನಡಿ,” ಎಂದರು.

ಮಳೆ ನಿಂತಿರಲಿಲ್ಲ. ಕಾರಿನಲ್ಲೇ ಕೂತು ಡಬ್ಬಿ ಬಿಚ್ಚಿದೆವು. ಶ್ರುತಿ ಎರಡು ತುತ್ತು ತಿಂದು ಕಿಟಕಿಯ ಹಬೆಯಲ್ಲಿ ಬೆರಳಾಡಿಸುತ್ತಾ ಕೂತಳು. ಮೊಸರನ್ನ ಅರ್ಧ ಮುಗಿದಿತ್ತೇನೋ, ನಮ್ಮವರು ಚಮಚ ಕೆಳಗಿಟ್ಟರು.

“ಅದಕ್ಕೇನಾ ಅವಳು ನಂಗೆ ಗುಡ್ ಮಾರ್ನಿಂಗ್ ಹೇಳೋದು ಬಿಟ್ಟಿದ್ದು?”

“ಹೂಂ.”

“ನಾನೇನೋ ತಪ್ಪು ಮಾಡಿರ್ಬೇಕು ಅಂತ ಎಷ್ಟು ದಿನ ಯೋಚ್ನೆ ಮಾಡಿದ್ದೆ ಗೊತ್ತಾ? ಸೀದಾ ಅವಳ ಬಾಗಿಲಿಗೆ ಹೋಗಿ ಕೇಳೋಣ ಅಂತಾನೂ ಇದ್ದೆ. ನೀನೇ ಬೇಡ ಅಂದೆ.”

ನಿಜ. ನಾನೇ ಬೇಡ ಎಂದಿದ್ದೆ. ಅದು ನನಗೆ ಮರೆತೇಹೋಗಿತ್ತು.

ರಾಜ್ಯೋತ್ಸವದ ಹಾಲ್‌ನಲ್ಲಿ ನಾಡಗೀತೆಗೆ ಎಲ್ಲರೂ ಎದ್ದು ನಿಂತಾಗ ಅವರು ನನ್ನ ಪಕ್ಕದಲ್ಲೇ ನಿಂತಿದ್ದರು. ಬಾಯಿ ಮಾತ್ರ ತೆರೆಯಲಿಲ್ಲ. ಆಮೇಲಿನ ವರ್ಷಗಳಲ್ಲಿಯೂ ಅವರು ಆ ವಿಷಯ ಎತ್ತಿದ್ದಿಲ್ಲ. ಜಿ.ಪಿ.ಗೆ ಫೋನ್ ಮಾಡುವಾಗ ಪೇಪರಿನ ಹಿಂದಿನಿಂದ ‘ಲೇಡಿ ವಾರಿಜಾ’ ಎನ್ನುವುದನ್ನೂ ನಿಲ್ಲಿಸಿದರು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯುವವರಲ್ಲ. ಫಲಕ ತಿದ್ದಿದ್ದೇವೆಂದು ಲೈಬ್ರರಿಯಿಂದ ಒಂದು ಕಾಗದ ಬಂತು. ಹೋಗಿ ನೋಡುವ ಮನಸ್ಸಾಗಲಿಲ್ಲ. ಯಾರು ಓದಬೇಕಿತ್ತೋ ಅವಳೇ ಇಲ್ಲದ ಮೇಲೆ ತಿದ್ದಿದರೆಷ್ಟು, ಬಿಟ್ಟರೆಷ್ಟು.

ಐವಿಯನ್ನು ನಾನು ಕೊನೆಯ ಸಲ ನೋಡಿದ್ದು ಬಸ್ಸಿನಲ್ಲಿ. ಆ ಊರು ಬಿಡಲು ಹದಿನೈದು ದಿನ ಇದ್ದಿರಬೇಕು. ನಮ್ಮವರ ಮ್ಯಾನೇಜರನ ಹೆಂಡತಿ ನನ್ನನ್ನು ಊರ ನಡುವಿನ ಅಂಗಡಿಗೆ ಟೀಗೆ ಕರೆದೊಯ್ಯುತ್ತಿದ್ದಳು. ಕೆಳಗಿನ ಸೀಟಿನಲ್ಲಿ ಅವಳ ಪಕ್ಕ ಕೂತಿದ್ದೆ. ಟಿಕೆಟ್ ಯಂತ್ರ ಕೊರಳಿಗೆ ಹಾಕಿಕೊಂಡು, ಹಿಂದಿನಿಂದ ಒಬ್ಬೊಬ್ಬರನ್ನೇ ಮಾತಾಡಿಸುತ್ತಾ, ನಗಿಸುತ್ತಾ ಐವಿ ಬರುತ್ತಿದ್ದಳು. ‘ಡಾರ್ಲಿಂಗ್’ ಎಂದುಬಿಟ್ಟರೆ? ನನ್ನ ಗಂಟಲಿನ ಹೆಂಗಸಿನ ಬಗ್ಗೆ ಏನಾದರೂ ಅಂದುಬಿಟ್ಟರೆ? ನಾನು ಮಡಿಲ ಮೇಲಿನ ಕೈಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ನಮ್ಮ ಸೀಟಿನ ಹತ್ತಿರ ಬಂದಳು, ಕಳ್ಳರ ಭಯಕ್ಕೋ ಎಂಬಂತೆ ಚೀಲ ಹಿಡಿದಿದ್ದ ನನ್ನ ಕೈಯನ್ನು ನೋಡಿದಳು, ಆಮೇಲೆ ಮುಖವನ್ನು. ಅವಳ ಮುಖದ ಮೇಲಿನ ನಗು ಯಾರೋ ದೀಪ ಆರಿಸಿದ ಹಾಗೆ ಹೋಯಿತು.

“ಎಲ್ಲಿಗೆ, ಮೇಡಂ?” ಎಂದಳು.

ನಾನು ಹೇಳಿದೆ. ಅವಳು ಹಿಡಿ ತಿರುಗಿಸಿ ಎರಡು ಟಿಕೆಟ್ ಹರಿದು ಕೊಟ್ಟಳು. ಬಸ್ಸು ತಿರುವಿನಲ್ಲಿ ವಾಲಿದಾಗ ನಾನು ಮುಂದಕ್ಕೆ ಜಾರಿದೆ. ತಟ್ಟನೆ ನನ್ನ ಭುಜಕ್ಕೆ ಕೈ ಕೊಟ್ಟು ನಿಲ್ಲಿಸಿ, ಅಷ್ಟೇ ಬೇಗ ಕೈ ತೆಗೆದಳು. ಯಾವ ಪ್ರಯಾಣಿಕರಿಗಾದರೂ ಹಾಗೆಯೇ ಮಾಡುತ್ತಿದ್ದಳೋ ಏನೋ. ಆಮೇಲೆ ಕಬ್ಬಿಣದ ಮೆಟ್ಟಿಲು ಹತ್ತಿ ಮೇಲಿನ ಡೆಕ್ಕಿಗೆ ಹೋದಳು. ಮೇಲೆ ಯಾರೊಂದಿಗೋ ಅವಳು ಜೋರಾಗಿ ನಕ್ಕದ್ದು ಕೇಳಿಸಿತು. ನಾವು ಇಳಿಯುವ ತನಕ ಅವಳು ಕೆಳಗೆ ಬರಲಿಲ್ಲ.